ಹೊಸ್ತಿಲ ಕೆಳಗಿನ ಗುಡ್ಡ

ಹೋದ ತಿಂಗಳು ಪ್ರಾಯೋಗಿಕ ಪರೀಕ್ಷೆ ನಡೆಸಲು, ನಾನು ಕಲಿಸುವ ಸವದತ್ತಿಯ ಕಾಲೇಜಿನಿಂದ ಬೈಲಹೊಂಗಲಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಕಾಲೇಜಿನ ಕಡೆಗೆ ನಡೆಯುವಾಗ ಒಂದು ಓಣಿಯೊಳಗಿಂದ ಚುರಮರಿ ಭಟ್ಟಿಯ ವಾಸನೆ ಬಂತು. ಕಾದ ಉಸುಕು, ಅದರಲ್ಲಿ ಚಟಪಟ ಅರಳುವ ಅಕ್ಕಿ, ಒಲೆಗೆ ಹಾಕಿದ ಹೊಟ್ಟಿನ ಹೊಗೆ. ಯಾರಿಗಾದರೂ ಹಸಿವು ತರಿಸುವ ವಾಸನೆ. ನಾನು ಮಾತ್ರ ನಡುದಾರಿಯಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ಸಹೋದ್ಯೋಗಿ, "ಯಾಕ್ರಿ ಮೇಡಂ, ನಿಂತ್ರಲ್ಲ?" ಎಂದರು. "ಏನಿಲ್ರಿ, ನಡೀರಿ" ಎಂದೆ.

ಆ ಭಟ್ಟಿಯ ಪಕ್ಕದ ಮನೆಯಲ್ಲಿ ಮಹಾದೇವಿ ಮೇಡಂ ಇದ್ದರು. ಈಗ ಅವರಿಲ್ಲ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲವಿಡೀ, ನಾನು ಆ ವಾಸನೆಯನ್ನು ಹಾದು ಅವರ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಹೆದರಿಕೊಂಡೇ ಹೋಗುತ್ತಿದ್ದೆ.

ಮೇಡಂ ನನ್ನ ಪಿಎಚ್‌ಡಿಗೆ ಗೈಡ್. ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ ಹುಟ್ಟಿದೂರಿಗೆ ಬಂದು ತಂಗಿ ನೀಲಕ್ಕನ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ಹತ್ತಿ ವ್ಯಾಪಾರದ ಹಳೆಯ ಮನೆತನ. ಪಾಲಾದ ಮೇಲೆ ಅಕ್ಕತಂಗಿಯರಿಗೆ ಉಳಿದದ್ದು ಮುಂದಿನ ಪಡಸಾಲೆ, ಎರಡು ಕೋಣೆ, ಅಡುಗೆಮನೆ. ಪಡಸಾಲೆಯ ಗೋಡೆಗೆ ಮೇಡಂ ಒಂದು ಕರಿಹಲಗೆ ಬಡಿಸಿಕೊಂಡಿದ್ದರು. ನಾನು ಕಿತ್ತೂರಿನವಳು. ಅಪ್ಪ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯ ಡ್ರೈವರ್. ಅಜ್ಜನ ಕಾಲಕ್ಕೇ ಬೌದ್ಧರಾದ ಮನೆ ನಮ್ಮದು. ಸುಜಾತಾ ಎಂದು ನನಗೆ ಹೆಸರಿಟ್ಟವನೂ ಅಜ್ಜನೇ. ಮೇಡಂ ಇದನ್ನೆಲ್ಲ ಒಂದು ದಿನವೂ ಕೇಳಿದವರಲ್ಲ. ಅವರು ಕೇಳುತ್ತಿದ್ದದ್ದು ಒಂದೇ: "ಎಲ್ಲಿತನಾ ಬಂತು?"

ನನ್ನ ವಿಷಯದ ಹೆಸರು ದೊಡ್ಡದು, ವಸ್ತು ಮಾತ್ರ ಬಹಳ ಚಿಕ್ಕದು. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಅದಕ್ಕೆ ಒಂದೇ ಎಲೆಕ್ಟ್ರಾನ್. ಹೊರಗಿನಿಂದ ಇನ್ನೊಂದು ಎಲೆಕ್ಟ್ರಾನ್ ಬಂದು ಬಡಿಯುತ್ತದೆ. ಬಡಿತ ಸಾಕಷ್ಟು ಜೋರಾಗಿದ್ದರೆ ಒಳಗಿನದು ಕಿತ್ತುಕೊಂಡು ಹೊರಬರುತ್ತದೆ. ಅದಕ್ಕೆ ಬೇಕಾದ ಕನಿಷ್ಠ ಶಕ್ತಿಯೇ ಹೊಸ್ತಿಲು. ಹೊಸ್ತಿಲಿಗಿಂತ ತುಸುವೇ ಹೆಚ್ಚು ಶಕ್ತಿ ಇದ್ದಾಗ ಎರಡೂ ಎಲೆಕ್ಟ್ರಾನುಗಳು ಬಹಳ ನಿಧಾನವಾಗಿ ಹೊರಡುತ್ತವೆ. ಪ್ರೋಟಾನಿನ ಈ ಕಡೆಗೊಂದು, ಆ ಕಡೆಗೊಂದು, ಸಮಸಮ ದೂರದಲ್ಲಿ ಸಾಗಿದರೆ ಮಾತ್ರ ಎರಡೂ ಪಾರಾಗುತ್ತವೆ. ತುಸು ಕಡಿಮೆ ಇದ್ದರೆ ಇನ್ನೊಂದು ವಿಚಿತ್ರ ನಡೆಯಬಹುದು. ಎರಡೂ ಮೇಲಕ್ಕೇರಿ, ಊಹೆಗೂ ಸಿಗದಷ್ಟು ಕಿರಿದಾದ ಗಳಿಗೆಯೊಂದರಲ್ಲಿ ಅಲ್ಲೇ ಸುಳಿದಾಡುತ್ತವೆ; ಆಮೇಲೆ ಒಂದು ಕೆಳಗಿಳಿದು, ಇಳಿದ ಶಕ್ತಿಯಿಂದ ಇನ್ನೊಂದನ್ನು ಹೊರಗೆ ಚಿಮ್ಮಿಸುತ್ತದೆ. ಇದಕ್ಕೆ ದ್ವಿ-ಉತ್ತೇಜಿತ ಸ್ಥಿತಿ ಎನ್ನುತ್ತಾರೆ. ಲೆಕ್ಕದ ನಕ್ಷೆಯಲ್ಲಿ ಅದೊಂದು ಉಬ್ಬಾಗಿ ಕಾಣುತ್ತದೆ. ಮೇಡಂ ಅದನ್ನು ಗುಡ್ಡ ಎನ್ನುತ್ತಿದ್ದರು.

ನನ್ನ ನಕ್ಷೆಯಲ್ಲಿ ಹೊಸ್ತಿಲಿನ ತೀರಾ ಸಮೀಪ, ಅದರ ಕೆಳಗೆ, ನಾನು ಓದಿದ ಯಾವ ಪ್ರಬಂಧದಲ್ಲೂ ಇಲ್ಲದ ಒಂದು ಗುಡ್ಡ ಎದ್ದಿತ್ತು. ಖರೆ ಆಗಿದ್ದರೆ ಅದೊಂದೇ ನನ್ನ ಪಿಎಚ್‌ಡಿಗೆ ಸಾಕಾಗಿತ್ತು. ಆದರೆ ಇಂಥ ಲೆಕ್ಕದಲ್ಲಿ ಸುಳ್ಳು ಗುಡ್ಡಗಳೂ ಏಳುತ್ತವೆ. ಪರಮಾಣುವಿನ ಸುತ್ತಲಿನ ಜಾಗಕ್ಕೆ ಕೊನೆಯಿಲ್ಲ, ಕಂಪ್ಯೂಟರಿನೊಳಗೆ ಕೊನೆಯಿಲ್ಲದ ಜಾಗ ಹಿಡಿಸುವುದಿಲ್ಲ. ಎಲ್ಲೋ ಒಂದು ಕಡೆ ಗೋಡೆ ಕಟ್ಟಿ ಲೆಕ್ಕ ಮಾಡಬೇಕು. ಆ ಗೋಡೆಯಿಂದ ಹುಟ್ಟಿದ್ದೂ ಗುಡ್ಡದ ಹಾಗೆಯೇ ಕಾಣುತ್ತದೆ. ಗೋಡೆಯನ್ನು ದೂರ ಸರಿಸಿದಾಗ ಗುಡ್ಡ ನಿಂತಲ್ಲೇ ನಿಂತರೆ ಖರೆ, ಜರುಗಿದರೆ ಸುಳ್ಳು.

ಮಳೆ ಇನ್ನೂ ಹಿಡಿಯದ ದಿನಗಳಲ್ಲಿ ಮೇಡಂ ನನ್ನ ನಕ್ಷೆಗಳನ್ನು ನೋಡಿ ಹೇಳಿದ್ದರು: "ಎರಡ ಸಲ ಗೋಡಿ ಸರಿಸಿ ನೋಡೀದಿ, ಖರೆ. ಆದ್ರ ಬರೇ ಗೇಣುದ್ದ ಸರಿಸೀದಿ. ಮೂರನೇ ಸಲ ಭಾಳ ದೂರ ಒಯ್ದು ನಿಲ್ಲಸು. ಆವಾಗೂ ಗುಡ್ಡ ಅಲ್ಲೇ ಇದ್ರ ನಾ ಸಹಿ ಮಾಡತೇನಿ."

ಮೂರನೇ ಸಲವೆಂದರೆ ವಾರಗಟ್ಟಲೆ ನಡೆಯುವ ಲೆಕ್ಕ. ನನ್ನ ನೋಂದಣಿಯ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಒಂದು ವಿಸ್ತರಣೆ ಆಗಲೇ ಪಡೆದಾಗಿತ್ತು. ಭಯ ಅಲ್ಲಿಂದಲೇ ಶುರುವಾಯಿತು. ಆದರೂ ಅದು ಎಲ್ಲ ವಿದ್ಯಾರ್ಥಿಗಳಿಗೂ ಇರುವ ಭಯ, ಅದರ ಜೊತೆ ಬದುಕಲು ಬರುತ್ತಿತ್ತು.

ಮಳೆ ಹಿಡಿದ ಮೇಲೆ ಮೊದಲ ಸಲ ಹೋದಾಗ ಮೇಡಂ ಖುಷಿಯಲ್ಲಿದ್ದರು. ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ಒಂದು ವರ್ತುಲ, ಅದರ ಎರಡೂ ಬದಿಗೆ ಒಂದೊಂದು ಚುಕ್ಕೆ ಬರೆದು, "ಸುಜಾತಾ, ಇವತ್ತ ಒಂದ ಮಾತು ತಿಳ್ಕೊ. ನಡುವ ಪ್ರೋಟಾನ್. ಈ ಕಡಿಗೊಂದು, ಆ ಕಡಿಗೊಂದು. ಸಮ ಹೋಗಬೇಕು. ಒಂದು ಚೂರು ಹಿಂದ ಉಳೀತಂದ್ರ ಪ್ರೋಟಾನ್ ಅದನ್ನ ಎಳಕೊಂಡಬಿಡತದ" ಎಂದು ಶುರುಮಾಡಿ, ಒಂದು ಇಡೀ ಅಧ್ಯಾಯವನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು. ನಾನು ಬರೆದುಕೊಂಡೆ. ನೀಲಕ್ಕ ಚಹಾ ತಂದಿಟ್ಟರು. ಮೇಡಂ ಕುಡಿದು, ಕಪ್ಪು ಕೆಳಗಿಟ್ಟು, ಮತ್ತೆ ಎದ್ದು ಸೀಮೆಸುಣ್ಣ ಹಿಡಿದರು.

"ಸುಜಾತಾ, ಇವತ್ತ ಒಂದ ಮಾತು ತಿಳ್ಕೊ. ನಡುವ ಪ್ರೋಟಾನ್."

ಮೊದಲಿನ ವರ್ತುಲದ ಮೇಲೆಯೇ ಇನ್ನೊಂದು ವರ್ತುಲ ಬರೆದರು. ಅವೇ ಮಾತು, ಅದೇ ಜಾಗದಲ್ಲಿ ಅದೇ ಬಿಡುವು, ಅದೇ ಸಣ್ಣ ನಗು. ನಾನು ತಮಾಷೆ ಇರಬಹುದು ಎಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ತಲೆ ತಗ್ಗಿಸಿ ಎರಡನೇ ಸಲವೂ ಅದನ್ನೇ ಬರೆದುಕೊಳ್ಳತೊಡಗಿದೆ. ಅಕ್ಷರಗಳು ಸೊಟ್ಟಗೆ ಬಂದವು. ಬಾಗಿಲಲ್ಲಿ ಖಾಲಿ ತಾಟು ಹಿಡಿದು ನಿಂತಿದ್ದ ನೀಲಕ್ಕ ಅಕ್ಕನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಹೊರಡುವಾಗ ಓಣಿಯ ತಿರುವಿನವರೆಗೂ ಅವರೇ ಬಂದರು. "ಗೊತ್ತಾತಲ್ಲ ನಿನಗ" ಎಂದರು. "ಬೆಳಗಾವಿ ಡಾಕ್ಟರಿಗೆ ತೋರಿಸೇನಿ. ಮರವಿನ ಬ್ಯಾನಿ ಅಂದಾರ. ಬರೇ ತಲಿಬ್ಯಾನಿ, ನಿದ್ದಿ ಕಡಿಮಿ ಅಂತ ಅಕ್ಕಗ ಹೇಳೇನಿ. ನೀನೂ ಯಾರ ಮುಂದೂ ಅನಬ್ಯಾಡವಾ."

"ಗುಣ ಆಗತೈತೇನ್ರಿ?"

"ಇಲ್ಲಂತ."

ಬಸ್ಸಿನಲ್ಲಿ ಕುಳಿತಾಗ ನನಗೆ ಮೊದಲು ಬಂದದ್ದು ಮೇಡಂ ಬಗ್ಗೆ ಮರುಕವಲ್ಲ. ನನ್ನ ಗತಿಯೇನು ಎಂಬ ಹೆದರಿಕೆ. ವಿಭಾಗದಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಹಿಡಿಯಬಲ್ಲ ಕಣ್ಣು ಆ ಎರಡೇ.

ಅಲ್ಲಿಂದ ಮುಂದೆ ಪ್ರತಿ ವಾರ ಬೈಲಹೊಂಗಲದ ಬಸ್ಸು ಹತ್ತುವಾಗ, ಇವತ್ತು ಬಾಗಿಲು ತೆಗೆಯುವವರು ಯಾವ ಮೇಡಂ ಎಂದು ಅಂಜುತ್ತಿದ್ದೆ. ಎರಡೂ ಕಡೆ ಕಪ್ಪು ಎರೆಹೊಲ, ನೀರು ನಿಂತ ಸೋಯಾಬೀನ್ ಸಾಲುಗಳು, ಕಿಟಕಿಯ ಗಾಜಿಗೆ ಎರಚುವ ಮಳೆ. ಅದೇನನ್ನೂ ನೋಡುತ್ತಿರಲಿಲ್ಲ. ಒಂದು ವಾರ ಮೇಡಂ ನನ್ನ ಸಮೀಕರಣದಲ್ಲಿ ಬಿಟ್ಟುಹೋದ ಋಣ ಚಿಹ್ನೆಯನ್ನು ಕನ್ನಡಕವಿಲ್ಲದೆ ಹಿಡಿಯುತ್ತಿದ್ದರು. ಮರುವಾರ ಆ ಸಮೀಕರಣ ಯಾವುದೆಂದೇ ಗೊತ್ತಿಲ್ಲದವರಂತೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ನೋಡುತ್ತಿದ್ದೇನೆ ಎಂದು ತಿಳಿದಾಗ ಹಾಳೆಯನ್ನು ಮಡಚಿ, "ನಾಳಿ ನೋಡೂಣು" ಎನ್ನುತ್ತಿದ್ದರು.

ಒಂದು ದಿನ ತಾವಾಗಿಯೇ ಕೇಳಿದರು. "ಥೀಸಿಸ್ ತಂದೀಯೇನು? ಕೊಡು, ಸಹಿ ಮಾಡತೇನಿ."

"ಮೂರನೇ ಸಲದ ಲೆಕ್ಕ ಇನ್ನೂ ಆಗಿಲ್ರಿ ಮೇಡಂ."

"ಯಾವ ಮೂರನೇ ಸಲ? ಗುಡ್ಡ ಖರೇದೈತಿ. ಯಾಕ ಸುಮ್ಮನ ತಡಾ ಮಾಡತಿ?"

ಕರಡು ಪ್ರತಿ ನನ್ನ ಚೀಲದಲ್ಲೇ ಇತ್ತು. ಅಡುಗೆಮನೆಗೆ ಬಂದಾಗ ನೀಲಕ್ಕ ಮೆಲ್ಲಗೆ ಹೇಳಿದರು: "ಮಾಡಿಸ್ಕೊ ಬಿಡವಾ. ಮುಂದ ಸಹಿ ಮಾಡಾಕ ಬರತೈತೋ ಇಲ್ಲೋ. ನಿನ್ನ ಕೆಲಸ ಆದ್ರ ಆಕಿಗೂ ಸಮಾಧಾನ." ತಪ್ಪು ಮಾತಲ್ಲ ಅದು, ನನ್ನ ಒಳ್ಳೆಯದಕ್ಕೇ ಅಂದದ್ದು. ನಾನು ಚೀಲದೊಳಗೆ ಕೈಹಾಕಿ ಪ್ರತಿಯನ್ನು ಮುಟ್ಟಿಕೊಂಡು ನಿಂತೆ. ಹೊರಗೆ ತೆಗೆಯಲಿಲ್ಲ. ದೊಡ್ಡ ಪ್ರಾಮಾಣಿಕತೆಯೇನೂ ಇರಲಿಲ್ಲ ಅದರಲ್ಲಿ. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಈ ಗುಡ್ಡದ ಬಗ್ಗೆ ಕೇಳಿದರೆ, ಪಕ್ಕದ ಕುರ್ಚಿಯಿಂದ ಎದ್ದ ಮೇಡಂ ಕರಿಹಲಗೆಯ ಮುಂದೆ ಒಂದೇ ವರ್ತುಲವನ್ನು ಎರಡೆರಡು ಸಲ ಬರೆಯುವುದು ಕಣ್ಣಿಗೆ ಕಟ್ಟಿತು. "ಮುಂದಿನ ವಾರ ತರತೇನ್ರಿ" ಎಂದು ಹೇಳಿ ಬಂದೆ.

ಅದೇ ವಾರ ಕಿತ್ತೂರಿನ ಮನೆಯಲ್ಲಿ ಮೂರನೇ ಲೆಕ್ಕ ಹಚ್ಚಿದೆ. ಗೋಡೆಯನ್ನು ನನ್ನ ಕಂಪ್ಯೂಟರ್ ತಾಳುವಷ್ಟು ದೂರ ಒಯ್ದೆ. ಆ ವರ್ಷದ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಗುಡುಗಿದಾಗಲೆಲ್ಲ ಕರೆಂಟ್ ಹೋಗುತ್ತಿತ್ತು. ಇನ್ವರ್ಟರ್ ಕುಂಯ್ ಎಂದಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಮನೆಯ ಮಾಳಿಗೆ ಆ ಮೂಲೆಯಲ್ಲೇ ಸೋರುತ್ತಿದ್ದುದರಿಂದ ಅವ್ವ ಕಂಪ್ಯೂಟರಿನ ಮೇಲ್ಗಡೆ ಅಪ್ಪನ ಲಾರಿಯ ಹಳೆಯ ತಾಡಪತ್ರಿಯನ್ನು ಹಗ್ಗದಿಂದ ಕಟ್ಟಿದಳು. ಬಂದುಹೋಗುವವರಿಗೆಲ್ಲ, "ಆ ಕಡೆ ಹೋಗಬ್ಯಾಡ್ರಿ, ಸುಜಾತಾನ ಲೆಕ್ಕ ನಡದೈತಿ" ಎನ್ನುತ್ತಿದ್ದಳು. ಕಬ್ಬಿನ ಹಂಗಾಮು ಇಲ್ಲದೆ ಮನೆಯಲ್ಲೇ ಇದ್ದ ಅಪ್ಪ, "ನನ್ನ ಲಾರಿಗೂ ಯಾರೂ ಇಷ್ಟು ಉಪಚಾರ ಮಾಡಿಲ್ಲ" ಎಂದು ನಗುತ್ತಿದ್ದ. ಮೇಡಂ ವಿಷಯ ಅವರಿಬ್ಬರಿಗೂ ಹೇಳಿರಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ನೀಲಕ್ಕ ಪೇಟೆಗೆ ಹೋಗಿದ್ದರು. ಮೇಡಂ ಕೋಣೆಯಲ್ಲಿ ಮಲಗಿದ್ದರು. ಯಾವಾಗಲೂ ಮಾಡುವಂತೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಡಂ.

"ಯಾರು ನೀ? ಒಳಗ ಹೆಂಗ ಬಂದಿ?"

"ನಾನ್ರಿ ಮೇಡಂ, ಸುಜಾತಾ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾವ ಮಂದಿ ನೀವು?"

ಕೈಯಲ್ಲಿದ್ದ ಚಹಾಪುಡಿಯ ಡಬ್ಬಿಯನ್ನು ಕೆಳಗಿಟ್ಟೆ.

"ಅವ್ವ ನೋಡಿದ್ರ ಏನಂದಾಳು? ಹೊರಗ ನಡಿ. ಕಟ್ಟಿ ಮ್ಯಾಲ ಕುಂದ್ರು. ನೀರು ಬೇಕಂದ್ರ ಮ್ಯಾಲಿಂದ ಹಾಕತಾರ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ದಿನಾ ಹೇಳಿ ರೂಢಿಯಾದ ಮಾತಿನ ಹಾಗಿತ್ತು. ಗ್ಯಾಸ್ ಆರಿಸಿ, ಅವರಿಗೆ ತಾಗದಂತೆ ಗೋಡೆಗೆ ಒತ್ತಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಮಳೆಯ ಎರಚಲು ಕಾಲಿಗೆ ಬಡಿಯುತ್ತಿತ್ತು. ಪಕ್ಕದಲ್ಲಿ ಭಟ್ಟಿಯವರು ಉಸುಕು ಜರಡಿ ಹಿಡಿಯುವ ಸಪ್ಪಳ. ಎದ್ದು ಹೋಗಬಹುದಿತ್ತು. ಹೋಗದೆ ಅಲ್ಲೇ ಕುಳಿತಿದ್ದೆ. ನೀಲಕ್ಕ ಕೊಡೆ ಮುಚ್ಚುತ್ತ ಬಂದವರು ನನ್ನ ಮುಖ ನೋಡಿ ಅಲ್ಲೇ ನಿಂತರು. ಅಷ್ಟರಲ್ಲಿ ಒಳಗಿನಿಂದ ಮೇಡಂ ಧ್ವನಿ, ನನಗೆ ಗೊತ್ತಿದ್ದ ಹಳೆಯ ಧ್ವನಿ, ಕೇಳಿತು.

"ನೀಲಾ, ಸುಜಾತಾ ಇನ್ನೂ ಬಂದಿಲ್ಲೇನು? ಮಳ್ಯಾಗ ಸಿಕ್ಕೊಂಡಳೇನೋ ಹುಡುಗಿ."

ನೀಲಕ್ಕ ನನ್ನ ಕೈ ಹಿಡಿದುಕೊಂಡು ಅತ್ತರು. "ಆಕಿ ಮಾತಲ್ಲವಾ ಅದು. ನಮ್ಮವ್ವನ ಮಾತು. ಅಕ್ಕ ಸಣ್ಣಾಕಿದ್ದಾಗ ದಿನಾ ಕೇಳಿದ್ದು. ಹೊಟ್ಟ್ಯಾಗ ಇಟ್ಕೋಬ್ಯಾಡ."

"ಗೊತ್ತೈತ್ರಿ" ಎಂದೆ. ಗೊತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಭಟ್ಟಿಯಿಂದ ಚುರಮರಿ ತರಿಸಿ ನನ್ನ ಜೊತೆ ಒಂದೇ ತಾಟಿನಲ್ಲಿ ತಿನ್ನುತ್ತಿದ್ದ ಮೇಡಂ ಖರೆಯೋ, ಬಾಗಿಲಲ್ಲಿ ನಿಂತವರು ಖರೆಯೋ? ಇಷ್ಟು ವರ್ಷ ಆ ಮಾತು ಅವರೊಳಗೆ ಕುಳಿತೇ ಇತ್ತೇ? ಅಷ್ಟೊಂದು ಹೆದರಿಕೆ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ. ಆಮೇಲೆ ಕೆಲವು ವಾರ ಬೈಲಹೊಂಗಲಕ್ಕೆ ಹೋಗಲಿಲ್ಲ. ನೀಲಕ್ಕನ ಫೋನು ಬಂದರೆ ನೆಗಡಿ ಎಂದೆ, ಲೆಕ್ಕ ನಡೆದಿದೆ ಎಂದೆ.

ಲೆಕ್ಕ ಮುಗಿದದ್ದು ಗಣೇಶ ಚೌತಿಯ ಹಿಂದುಮುಂದು. ಓಣಿಯಲ್ಲಿ ಹುಡುಗರು ಹಲಗೆ ಬಾರಿಸುವ ಸಪ್ಪಳ. ಪರದೆಯ ಮೇಲೆ ಹೊಸ ನಕ್ಷೆ ಎಳೆದೆ. ಗುಡ್ಡ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಗೆರೆ ಸಪಾಟಾಗಿ ಹೊಸ್ತಿಲಿನವರೆಗೆ ಹೋಗಿತ್ತು. ದೂರದಲ್ಲಿ, ಬೇರೆಯೇ ಶಕ್ತಿಯ ಹತ್ತಿರ, ಹೊಲದ ಸಣ್ಣ ತೆವರಿನಷ್ಟು ಏನೋ ಎದ್ದಿತ್ತು. ಹಳೆಯ ನಕ್ಷೆಯನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟೆ. ಗುಡ್ಡ ಜರುಗಿತ್ತು, ಅದು ಸುಳ್ಳು ಎಂಬುದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಅವ್ವ ತಾಡಪತ್ರಿಯ ಕೆಳಗೆ ಬಗ್ಗಿ, "ಮುಗೀತೇನವಾ?" ಎಂದಳು. "ಮುಗೀತು" ಎಂದೆ. ಅವಳು ಖುಷಿಯಿಂದ ಗೋಡೆಯ ಗೂಡಿನಲ್ಲಿಟ್ಟಿದ್ದ ಬುದ್ಧನ ಪಟದ ಮುಂದೆ ಊದುಬತ್ತಿ ಹಚ್ಚಲು ಹೋದಳು. ನಾನು ಪರದೆ ಆರಿಸಿದೆ. ಏನಾಯಿತೆಂದು ಯಾರಿಗಾದರೂ ಹೇಳಬೇಕಿತ್ತು, ಹೇಳಿದರೆ ತಿಳಿಯುವವರು ಈ ಸೀಮೆಯಲ್ಲಿ ಒಬ್ಬರೇ ಇದ್ದರು.

ನೀಲಕ್ಕನಿಗೆ ಫೋನು ಮಾಡಿದೆ. "ಮುಂಜಾನಿ ಬಾ" ಎಂದರು. "ಮುಂಜಾನಿ ಅಕ್ಕ ಅಕ್ಕನಂಗ ಇರತಾಳ."

ಮೊದಲ ಬಸ್ಸಿಗೆ ಹೋದೆ. ಬಾಗಿಲು ತೆರೆದೇ ಇತ್ತು. ನಾನು ಕಟ್ಟೆಯ ಹತ್ತಿರವೇ ನಿಂತುಬಿಟ್ಟೆ. ಒಳಗೆ ಕಾಲಿಡಲು ಆಗಲಿಲ್ಲ. ಮೇಡಂ ಪಡಸಾಲೆಯಲ್ಲಿ ಶಾಲು ಹೊದ್ದು ಕುಳಿತವರು ತಲೆ ಎತ್ತಿ, "ಬಾ ಒಳಗ, ಹನಿ ಬೀಳಾಕ ಹತ್ಯಾವು" ಎಂದರು. ಗುರುತು ಸಿಕ್ಕಿ ಕರೆದರೋ, ಯಾರೋ ಬಂದಿದ್ದಾರೆಂದು ಕರೆದರೋ ತಿಳಿಯಲಿಲ್ಲ. ಒಳಗೆ ಹೋಗಿ ಎರಡು ನಕ್ಷೆಗಳನ್ನು ಅವರ ಮುಂದೆ ಹಾಸಿದೆ.

ಬಹಳ ಹೊತ್ತು ನೋಡಿದರು. ಬೆರಳು ಹೊಸ್ತಿಲಿನ ಗೆರೆಯ ಮೇಲೆ ಹೋಯಿತು, ಗುಡ್ಡ ಇದ್ದಲ್ಲಿಗೆ ಬಂತು, ಇಲ್ಲದಲ್ಲಿಗೆ ಬಂತು.

"ಗೋಡಿದು ಇದು" ಎಂದರು. "ಪರಮಾಣುಂದಲ್ಲ. ಯಾರು ಮಾಡಿದ್ದು ಈ ಲೆಕ್ಕ?"

"ನಾನ್ರಿ."

"ಛಲೋ ಮಾಡೀದಿ. ಗೈಡ್ ಯಾರು ನಿನಗ?"

ನೀಲಕ್ಕ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು, "ನೀವರಿ" ಎಂದೆ.

ಮೇಡಂ ನಕ್ಷೆಯಿಂದ ಕೈ ತೆಗೆದರು. ನನ್ನ ಮುಖ ನೋಡಿದರು, ತಂಗಿಯ ಮುಖ ನೋಡಿದರು, ಮತ್ತೆ ನನ್ನದು. ಒಂದೊಂದಾಗಿ ಎಲ್ಲವೂ ಅವರಿಗೆ ತಿಳಿಯುತ್ತಿರುವುದು ಕಾಣುತ್ತಿತ್ತು.

"ನನಗ ಏನೋ ಆಗೇತಿ, ಹೌದಲ್ಲ? ನೀಲಾ ಹೇಳವಲ್ಲಳು. ನೀ ಸುಳ್ಳ ಹೇಳಬ್ಯಾಡ."

"ಹೌದ್ರಿ ಮೇಡಂ."

"ಯಾವಾಗಿಂದ?"

"ಮಳಿ ಹತ್ತಿದಾಗಿಂದ ನನಗ ಗೊತ್ತರಿ."

"ನಿನಗ ಏನರ ಅಂದೇನೇನು ನಾ?"

"ಇಲ್ರಿ" ಎಂದೆ. ಆ ದಿನ ನಾನು ಹೇಳಿದ ಸುಳ್ಳು ಅದೊಂದೇ.

ಅವರು ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದರು. "ಅಂಜಿಕಿ ಬರತೈತಿ, ಸುಜಾತಾ. ಎದ್ದು ಕೂತಾಗ ಯಾವ ಮನಿ ಇದು ಅನಸತೈತಿ. ಯಾರಿಗೆ ಹೇಳಲಿ?" ಇಡೀ ಮಳೆಗಾಲ ನಾನು ನನ್ನ ಹೆದರಿಕೆಯನ್ನೇ ಹೊತ್ತು ತಿರುಗಿದ್ದೆ. ಅವರೂ ಹೆದರಿದ್ದಾರೆ, ನನಗಿಂತ ಹೆಚ್ಚು ಹೆದರಿದ್ದಾರೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

"ನನಗೂ ಬರತೈತ್ರಿ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಮೇಡಂ ನೀಲಕ್ಕನಿಗೆ ಪೆನ್ನು, ಹಾಳೆ ತರಲು ಹೇಳಿದರು. ಆರೋಗ್ಯದ ಕಾರಣದಿಂದ ಮಾರ್ಗದರ್ಶನ ಬಿಡುತ್ತಿದ್ದೇನೆ, ವಿದ್ಯಾರ್ಥಿನಿಗೆ ಬೇರೆ ಗೈಡ್ ಮತ್ತು ಅವಧಿ ಎರಡನ್ನೂ ಕೊಡಬೇಕು ಎಂದು ಅರ್ಜಿಯನ್ನು ತಾವೇ ಹೇಳಿ ನನ್ನಿಂದ ಬರೆಸಿದರು. ಓದಿ, ಒಂದು ಕಡೆ ಬಿಟ್ಟಿದ್ದ ಒತ್ತಕ್ಷರ ಸೇರಿಸಿ, ಸಹಿ ಮಾಡಿದರು. ಸಹಿ ಮುಗಿಯಲು ಬಹಳ ಸಮಯ ಹಿಡಿಯಿತು. "ಸುಳ್ಳು ಗುಡ್ಡ ತಗದ ಒಗೀಬ್ಯಾಡ. ಹೆಂಗ ಸುಳ್ಳು ಅಂತ ಗೊತ್ತಾತು, ಅದನ್ನ ಬರಿ. ಮುಂದಿನವ್ರಿಗೆ ಬೇಕಾಗತದ" ಎಂದರು. ಅಷ್ಟು ಹೊತ್ತಿಗೆ ಅವರು ದಣಿದಿದ್ದರು.

ವಿಶ್ವವಿದ್ಯಾಲಯದಲ್ಲಿ ಅರ್ಜಿ ಒಪ್ಪಿದರು. ಬೇರೆ ವಿಷಯದ ಪ್ರಾಧ್ಯಾಪಕರೊಬ್ಬರು ಹೆಸರಿಗೆ ಗೈಡ್ ಆಗಲು ಮುಂದೆ ಬಂದರು. ಗುಡ್ಡದ ಅಧ್ಯಾಯ ಹೋಗಿ, ಗೋಡೆಯ ಅಧ್ಯಾಯ ಬಂತು. ಮುಂದಿನ ವರ್ಷ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಅಧ್ಯಾಯದ ಬಗ್ಗೆಯೇ. ಉತ್ತರ ಹೇಳುವಾಗಲೂ ಹೆದರಿಕೆ ಇತ್ತು, ಆದರೆ ಹೇಳಿದೆ. ಪಾಸಾದೆ.

ಅದಾದ ಎರಡು ದಿನಕ್ಕೆ ಬೈಲಹೊಂಗಲಕ್ಕೆ ಹೋದೆ. ಮೇಡಂ ಮಲಗಿದ್ದರು, ಬಹಳ ಸಣ್ಣಗಾಗಿದ್ದರು. ಈಗ ಹೆಸರುಗಳು ಯಾವುವೂ ನೆನಪಿಲ್ಲ ಎಂದು ನೀಲಕ್ಕ ಹೇಳಿದರು. ತಂಗಿಯನ್ನೇ ಒಮ್ಮೊಮ್ಮೆ ಅವ್ವ ಎನ್ನುತ್ತಾರಂತೆ. ನಾನು ಪಾಸಾದದ್ದನ್ನು ಹೇಳಿದೆ. ನೀಲಕ್ಕ ನನ್ನ ಕೆನ್ನೆ ಸವರಿ, ಕೋಣೆಯ ಕಡೆ ನೋಡುತ್ತ ಅಂದರು:

"ಎದ್ದಾಗೆಲ್ಲಾ ಕೇಳತಾಳ, ಆ ಹುಡುಗಿ ಬಂದಳೇನು ಅಂತ. ಯಾವ ಹುಡುಗಿ ಅಂದ್ರ ಹೆಸರು ಬರೂದಿಲ್ಲ. 'ಭಾಳ ಅಂಜತಾಳ ಆಕಿ, ಯಾರರ ಜೋಡಿಗೆ ಇರಬೇಕು ಆಕಿಗೆ' ಅಂತಾಳ."

ನಾನು ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋದೆ. ಮೇಡಂ ಮಗ್ಗುಲಲ್ಲಿ ಕುಳಿತು, ಅವರು ಏಳುವುದನ್ನೇ ಕಾಯತೊಡಗಿದೆ.